ಹರದೇಶಿಯ ಮನೆಯ ಹುಡುಗಿ

ಖಡಕಿ, ಪುಣೆ
೬ ಡಿಸೆಂಬರ್ ೧೯೯೮

ಕಾಶವ್ವನಿಗೆ ಮಲಕಪ್ಪನ ಶರಣು.

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರ ಕಿವಿ ಹಿಂಡಿದನೆಂದು ಪಾಟಿ ಬಿಸಾಡಿ ಎದ್ದು ಬಂದವನು ನಾನು. ಆಮೇಲೆ ಪೆನ್ನು ಹಿಡಿದದ್ದು ಪಗಾರದ ದಿನ ಸಹಿ ಹಾಕಲು ಮಾತ್ರ. ಇವತ್ತು ಎಂ.ಎ. ಓದುವ ಇಬ್ಬರು ನನ್ನನ್ನು ಸಿಮೆಂಟ್ ಚೀಲದ ಮೇಲೆ ಕೂಡಿಸಿ, ಮುಂದೆ ಕಾಗದ ಇಟ್ಟು, ಕಾಪಿ ಹೊಡೆಯುವ ಹುಡುಗನನ್ನು ಕಾಯುವ ಹಾಗೆ ಕಾಯುತ್ತಿದ್ದಾರೆ. "ನಾವು ಬರದ್ರ ಆಕಿ ನಂಬೂದಿಲ್ಲ ಮುತ್ಯಾ, ನಿಮ್ಮ ಕೈಲೇ ಆಗಬೇಕು" ಎನ್ನುತ್ತಾಳೆ ಹುಡುಗಿ. ಬೆರಳು ನೋಯುತ್ತದೆ. ತಪ್ಪು ಬಿದ್ದರೆ ನಗಬೇಡ.

ಮೊದಲು ಫೋನು ಮಾಡಿದೆವು. ನಿಮ್ಮ ಓಣಿಯ ಬೂತಿನವನು ಕರೆಯಲು ಬಂದರೆ, "ಮಲಕಪ್ಪನೂ ಇಲ್ಲ, ಗಿಲಕಪ್ಪನೂ ಇಲ್ಲ, ನಾ ಯಾರನ್ನೂ ಅರಿಯೆ" ಎಂದು ಅಟ್ಟಿದೆಯಂತೆ. ಝಳಕಿಯ ಸವಾಲು-ಜವಾಬಿನ ಹಾಡಿಕೆಯಲ್ಲಿ ಬೆಳಕು ಹರಿಯುವ ತನಕ ಎದುರಿಗೆ ನಿಂತು ನನ್ನ ಏಳು ತಲೆಮಾರನ್ನು ಬೈದವಳು ಈಗ ಅರಿಯೆ ಎನ್ನುತ್ತಾಳೆ. ಇರಲಿ. ಊರು ಬಿಟ್ಟು ಇಲ್ಲಿ ಗೌಂಡಿ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಈಗ ಕಟ್ಟುವ ಶಕ್ತಿ ಇಲ್ಲ, ಕಟ್ಟುತ್ತಿರುವ ಬಿಲ್ಡಿಂಗನ್ನು ಕಾಯುತ್ತೇನೆ. ಸಂಜೆ ಕೆಲಸದವರು ಹೋದ ಮೇಲೆ, ಇನ್ನೂ ಗಿಲಾವು ಆಗದ ಎರಡನೆಯ ಮಾಳಿಗೆಯಲ್ಲಿ ಇವರಿಬ್ಬರಿಗೆ ಪಾಠ.

ಹುಡುಗಿಯ ಹೆಸರು ರೇಣು, ಹುಡುಗನ ಹೆಸರು ರೋಹಿತ. ಇಲ್ಲಿನ ವಿದ್ಯಾಪೀಠದಲ್ಲಿ ಹಳ್ಳಿಯ ಹಾಡು, ಕುಣಿತ ಕಲಿಯುತ್ತಾರೆ. ಅದಕ್ಕೂ ಎಂ.ಎ. ಇದೆ. ಕೇಳಿ ನಾನೂ ನಕ್ಕಿದ್ದೆ. ಹೋದ ವರ್ಷ ಗಣಪತಿಯಲ್ಲಿ ಖಡಕಿ ಬಾಜಾರದಲ್ಲಿ ನಮ್ಮ ಕಡೆಯ ಜನ ಸೇರಿದಾಗ ದಪ್ಪು ಬಾರಿಸುತ್ತ ಎರಡು ಪದ ಹಾಡಿದೆ. ಆವತ್ತಿನಿಂದ ಇವರು ಬೆನ್ನು ಬಿಟ್ಟಿಲ್ಲ. ರೋಹಿತ ಸೋಲಾಪುರದವನು, ಅಜ್ಜಿಯ ಹತ್ತಿರ ಮಾತ್ರ ಕನ್ನಡ ಮಾತಾಡಿದವನು. ನನ್ನನ್ನು ಅಜ್ಜ ಎನ್ನದೆ ಮರಾಠಿಯಲ್ಲಿ ಆಜೋಬಾ ಎನ್ನುತ್ತಾನೆ. ಎಷ್ಟು ಬೈದರೂ ಅದೇ. ರೇಣು ನಮ್ಮ ವಿಜಾಪುರದ ಕಡೆಯ ಕಾಂತಪ್ಪನ ಮಗಳು. ಕಾಂತಪ್ಪ ಇಲ್ಲಿ ಬ್ಯಾಂಕಿನಲ್ಲಿ ಕಾರಕೂನ.

ನನ್ನ ಹತ್ತಿರ ಇರುವುದು ಹರದೇಶಿ ಒಂದೇ, ಗಂಡು ಹೆಚ್ಚು ಎನ್ನುವ ಪಕ್ಷ. ಅದನ್ನೇ ಇಬ್ಬರಿಗೂ ಕಲಿಸಿದೆ. ಮೊನ್ನೆ ವಿದ್ಯಾಪೀಠದ ಅವರ ಮೇಡಮ್ ನೋಡಲು ಬಂದಿದ್ದರು. "ಸವಾಲ್ ಆಹೆ, ಪಣ ಜವಾಬ್ ಕುಠೆ?" ಎಂದರು. ಸವಾಲು ಇದೆ, ಜವಾಬು ಎಲ್ಲಿ ಎಂದು. ಏಪ್ರಿಲ್‌ನಲ್ಲಿ ಪರೀಕ್ಷೆ. ವೇದಿಕೆಯ ಮೇಲೆ ಎರಡೂ ಪಕ್ಷ ಹಾಡಬೇಕು, ರೋಹಿತ ಗಂಡಿನದು, ರೇಣು ಹೆಣ್ಣಿನದು. ಇಲ್ಲದಿದ್ದರೆ ರೇಣು ಬೇರೆ ವಿಷಯ ಹಿಡಿಯಬೇಕು, ಒಂದು ವರ್ಷ ಹೆಚ್ಚು ಕೂಡಬೇಕು. ಕಾಂತಪ್ಪ ಆ ವರ್ಷ ಕೊಡುವವನಲ್ಲ. ಲಾತೂರಿನ ಒಂದು ಗಂಡು ನೋಡಿಟ್ಟಿದ್ದಾನೆ. ಹುಡುಗಿ ನನಗೆ ಏನೆಂದಳು ಗೊತ್ತೇ? "ಮುತ್ಯಾ, ಗಂಡಸು ದೊಡ್ಡಾಂವ, ಗಂಡಸು ದೊಡ್ಡಾಂವ ಅಂತ ಒಂದ್ ವರ್ಷ ಆತು ಒದರಲಿಕ್ಕತ್ತೀನಿ. ಇನ್ನ ಒಮ್ಮೆ ಹೆಣ್ಣಿನ ಕಡೀಂದ ಬೈಯಾಕ ಬಿಡ್ರಿ."

ಹೆಣ್ಣಿನ ಪಕ್ಷ, ನಾಗೇಶಿ, ನಿನ್ನದು. ಆಕೆಗೆ ಕಲಿಸು. ಧ್ವನಿ ಪರವಾಗಿಲ್ಲ, ಅಷ್ಟೇನೂ ಹೇಳಿಕೊಳ್ಳುವಂಥದ್ದಲ್ಲ. ಈ ತಿಂಗಳ ಕೊನೆಗೆ ನಾತಾಳದ ರಜೆಯಲ್ಲಿ ಇಂಡಿಗೆ ಕಳಿಸುತ್ತೇನೆ. ಬರಿಗೈಯಲ್ಲಿ ಬರುವುದಿಲ್ಲ, ವೀಳ್ಯ ಹಿಡಿದು ಬರುತ್ತಾಳೆ. ನಿನ್ನ ತಂಗಿ ರಂಗೂಬಾಯಿಗೆ ಹೇಳು, ತುಂತುಣಿಯ ತಂತಿಗೆ ತುಕ್ಕು ಹಿಡಿದಿದ್ದರೆ ಉಜ್ಜಿಡಲಿ. ಮೊದಲೂ ಆಕೆ ನಿನ್ನ ಹಿಂದೆ ನಿಂತು ಮೀಟುತ್ತಿದ್ದಳೋ ನಿದ್ದೆ ಮಾಡುತ್ತಿದ್ದಳೋ ತಿಳಿಯುತ್ತಿರಲಿಲ್ಲ.

ಮಲಕಪ್ಪ


ಇಂಡಿ
೩೦ ಡಿಸೆಂಬರ್ ೧೯೯೮

ಪುಣೆಯಲ್ಲಿ ದೊಡ್ಡವರಾದ ಶ್ರೀ ಮಲಕಪ್ಪನವರಿಗೆ,

ನಾನು ಹೇಳುತ್ತೇನೆ, ಸೊಸೆ ಇಂದೂ ಬರೆಯುತ್ತಾಳೆ. ಆಕೆ ನನ್ನ ಮಾತನ್ನು ಮೆತ್ತಗೆ ಮಾಡಿ ಬರೆದಾಳು, ಓದುವಾಗ ನೀವು ಗಟ್ಟಿ ಮಾಡಿಕೊಳ್ಳಿ.

ವೀಳ್ಯ ಯಾವಾಗ ಕಳಿಸುತ್ತಾರೆ? ಎದುರು ಮೇಳವನ್ನು ಹಾಡಿಕೆಗೆ ಕರೆಯುವಾಗ. ಬಾ, ಜನರ ಮುಂದೆ ನಿನ್ನನ್ನು ಸೋಲಿಸುತ್ತೇನೆ ಎನ್ನುವಾಗ. ಕಲಿಯಲು ಬರುವವರು ಕಾಯಿ ತರುತ್ತಾರೆ, ಸಕ್ಕರೆ ತರುತ್ತಾರೆ. ನಿಮ್ಮ ಹುಡುಗಿ ಹಾಡುಹಗಲು ಓಣಿಯ ಜನರ ಎದುರು ನಗುನಗುತ್ತ ನನ್ನ ಕೈಗೆ ವೀಳ್ಯ ಇಟ್ಟಳು. "ಕಾಶವ್ವಗ ಪುಣೇದಿಂದ ವೀಳ್ಯ ಬಂತಲ್ಲವಾ" ಎಂದು ಹಾಲಿನವನೂ ಕೇಳಿ ಹೋದ. ಇಪ್ಪತ್ತು ವರ್ಷ ಒಂದು ಮಾತಿಲ್ಲ, ಕತೆಯಿಲ್ಲ. ಈಗ ಒಂದು ಕೂಸಿನ ಕೈಯಲ್ಲಿ ನನ್ನನ್ನು ಕಣಕ್ಕೆ ಎಳೆಯುತ್ತೀರಾ?

ಆದರೂ ಕೂಡಿಸಿದೆ, ನೀರು ಕೊಟ್ಟೆ. "ಬಾರಿಸು ನೋಡೂಣು" ಎಂದೆ. ಬಾರಿಸಿದಳು. ದಪ್ಪಿನ ಅಂಚಿಗೆ ಕಿರುಬೆರಳು ತಾಗಿಸಿ ತಾಳ ಮುರಿಯುವ ನಿಮ್ಮ ಆ ಚಟ ಆಕೆಗೂ ಬಂದಿದೆ. ಹೆಜ್ಜೆ ಹಾಕುವಾಗ ಬಲಗಾಲು ಮುಂದೆ ಚಾಚಿ ಎದುರಿನವರನ್ನು ಕೆಣಕುವುದೂ ನಿಮ್ಮದೇ. ಕಣ್ಣು ಮುಚ್ಚಿದರೆ ಝಳಕಿಯ ಮಲಕಪ್ಪ ಸೀರೆ ಉಟ್ಟು ಬಂದ ಹಾಗೆ. ಅವಳು ಹರದೇಶಿಯ ಮನೆಯ ಹುಡುಗಿ. ನನ್ನ ಜವಾಬುಗಳನ್ನು ಹರದೇಶಿಯ ಮನೆಗೆ ಹೊರಿಸಿ ಕಳಿಸಲು ನನಗೇನು ಮರುಳೇ? ಕಲಿಸುವುದಿಲ್ಲ. ಕಳಿಸಿಬಿಟ್ಟಿದ್ದೇನೆ.

ಕಾಶವ್ವ

ಮುತ್ಯಾ, ಅತ್ತೆ ಎದ್ದು ಒಳಗೆ ಹೋದರು, ಅದಕ್ಕೆ ಈ ಸಾಲುಗಳು. ರಂಗೂಬಾಯಿ ಚಿಕ್ಕತ್ತೆ ಶ್ರಾವಣದಲ್ಲಿ ತೀರಿಕೊಂಡರು. ನಿಮ್ಮ ಕಾಗದದ ಆ ಕೊನೆಯ ಸಾಲುಗಳನ್ನು ನಾನು ಓದದೆ ಬಿಟ್ಟೆ. ಅತ್ತೆ ಶ್ರಾವಣದಿಂದ ಹಾಡಿಲ್ಲ. ಹಿಂದೆ ಮೀಟುವವರಿಲ್ಲದೆ ಮುಂದೆ ಬಾಯಿ ತೆರೆಯುವುದು ಹೇಗೆ ಎನ್ನುತ್ತಾರೆ. ರೇಣುವನ್ನು ಅವರು ಹಾಗೆ ಅಟ್ಟಲಿಲ್ಲ. ಹಬ್ಬಕ್ಕೆ ಬಂದ ಮಗಳ ಹಾಗೆ ಇಟ್ಟುಕೊಂಡಿದ್ದರು. ದಿನಾ ನಿಮ್ಮ ಪದಗಳನ್ನೇ ಮತ್ತೆ ಮತ್ತೆ ಹಾಡಿಸಿ, ಗೋಡೆಗೆ ಮುಖ ಮಾಡಿ ಕೇಳುತ್ತಿದ್ದರು. ಹೋಗುವಾಗ ಎಣ್ಣೆ ಹೋಳಿಗೆ ಕಟ್ಟಿಕೊಟ್ಟರು. ನಾನು ಬರೆದೆನೆಂದು ಎಲ್ಲಿಯೂ ಬಾಯಿ ಬಿಡಬೇಡಿ. ಇಂದೂ.


ಖಡಕಿ, ಪುಣೆ
೧೨ ಜನವರಿ ೧೯೯೯

ಕಾಶವ್ವ,

ರಂಗೂಬಾಯಿ ಹೋದದ್ದು ತಿಳಿಯಿತು. ಇಂದೂ ಹೇಳಿದ್ದಲ್ಲ, ಸೋಲಾಪುರದ ಕಡೆಯಿಂದ ಬಂದ ಒಬ್ಬರು ಹೇಳಿದರು. ಆಕೆಯ ತುಂತುಣಿ ಹಿಂದೆ ಇಲ್ಲದಿದ್ದರೆ ನಾನು ನಿನ್ನನ್ನು ಎಷ್ಟೋ ಹಾಡಿಕೆಯಲ್ಲಿ ಊಟದ ಹೊತ್ತಿಗೇ ಮನೆಗೆ ಕಳಿಸುತ್ತಿದ್ದೆ. ನಿನಗೆ ಪದ ಮರೆತಾಗೆಲ್ಲ ಆಕೆ ಒಂದು ಎಳೆ ಹೆಚ್ಚು ಮೀಟಿ ನಿನಗೆ ಉಸಿರು ಕೊಡುತ್ತಿದ್ದಳು. ಜನಕ್ಕೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಮೊದಲಿನ ಕಾಗದದಲ್ಲಿ ನಾನು ಆಕೆಯ ಬಗ್ಗೆ ಏನೋ ಬರೆದಿದ್ದೆ. ನಿನಗೆ ಗೊತ್ತಿಲ್ಲದಿದ್ದರೆ ಕೇಳಬೇಡ. ಗೊತ್ತಿದ್ದರೆ ಹೊಟ್ಟೆಗೆ ಹಾಕಿಕೋ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ವೀಳ್ಯ ಮರ್ಯಾದೆಗೆಂದು ಕಳಿಸಿದ್ದು. ಮರಳು ಸಿಮೆಂಟು ಕಲಸುತ್ತ ಯಾವುದಕ್ಕೆ ಯಾವುದು ಕಳಿಸಬೇಕೆಂದು ಮರೆತುಹೋಗಿದೆ. ಆಯಿತು, ನನ್ನದೇ ತಪ್ಪು. ಆದರೆ ಕಿರುಬೆರಳನ್ನು ಚಟ ಎನ್ನಬೇಡ. ಆ ಬೆರಳು ಇಲ್ಲದಿದ್ದರೆ ದಪ್ಪಿಗೂ ಡಬ್ಬಿಗೂ ವ್ಯತ್ಯಾಸವಿಲ್ಲ.

ಹುಡುಗಿ ಇಂಡಿಯಿಂದ ಬಂದವಳು ದಪ್ಪು ಮುಟ್ಟಲಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಹೋಳಿಗೆ ಮುರಿದು ರೋಹಿತನಿಗೆ ಕೊಟ್ಟಳು.

"ಕಾಯ್ ಝಾಲಂ? ಏನಂದ್ರು?" ಎಂದ ಅವನು.

"ನಾ ಹರದೇಶಿ ಮನೀ ಹುಡುಗಿ ಅಂತ."

"ಮಗ್ ಚಾಂಗಲಂ ಆಹೆ, ಮತ್ತ ಛಲೋ ಆತಲ್ಲ. ನಾ ನಾಗೇಶಿ ಆಗ್ತೀನಿ. ಸೀರಿ ಕೊಡು, ಮೀಸಿ ತಗೀತೀನಿ."

"ನಿನ್ನ ಕನ್ನಡಾ ಕೇಳಿದ್ರ ಆ ಅಮ್ಮ ಹಿಂದಿನ ಬಾಗಲ್ಲಿಂದ ಓಡಿ ಹೋಗ್ತಾಳ" ಎಂದು ನಕ್ಕಳು. ನಕ್ಕ ಮೇಲೆ ಅತ್ತಳು. ನಾನು ನೀರಿನ ಪಂಪು ಬಂದ್ ಮಾಡಲು ಹೋದೆ.

ಮರುದಿನ ಕಾಂತಪ್ಪ ಸ್ಕೂಟರ್ ಹಾಕಿಕೊಂಡು ಸೈಟಿಗೇ ಬಂದ. "ಮಲಕಪ್ಪನವರ, ಈ ಡಮಡಮಿ ಸಾಕ್ರಿ. ಲಾತೂರಿನವರು ಕೇಳಲಿಕ್ಕತ್ತಾರ. ಹುಡುಗಿ ಏನ್ ಮಾಡ್ತದ ಅಂದ್ರ ಏನ್ ಹೇಳ್ಲಿ, ಕಟ್ಟೋ ಬಿಲ್ಡಿಂಗಿನ್ಯಾಗ ದಪ್ಪು ಬಾರಸ್ತದ ಅಂತ ಹೇಳ್ಲೇನು?" ಎಂದ. "ಹಂಗೇ ಹೇಳ್ರಿ, ಖರೇನ ಐತಲ್ಲ" ಎಂದೆ. ಸಿಟ್ಟಾಗಿ ಹೋದ. ಕೆಟ್ಟವನಲ್ಲ, ಹೆದರಿಕೆಯವನು. ಮಾರ್ಚ್ ಮೊದಲ ವಾರದೊಳಗೆ ನಾಗೇಶಿಯ ಪಾಠ ಶುರುವಾಗದಿದ್ದರೆ ರೇಣುವಿನ ಹೆಸರು ಈ ವರ್ಷದ ಪರೀಕ್ಷೆಯಿಂದ ತೆಗೆಯುತ್ತೇವೆ ಎಂದು ಮೇಡಮ್ ಹೇಳಿದ್ದಾರೆ. ಆಮೇಲೆ ಕಾಂತಪ್ಪನ ಮಾತೇ ನಡೆಯುವುದು.

ಕೊನೆಯ ಸಲ ಕೇಳುತ್ತೇನೆ, ಕಲಿಸುತ್ತೀಯಾ? ಇಲ್ಲದಿದ್ದರೆ ನಾನೇ ಕಲಿಸುತ್ತೇನೆ. ನಿನ್ನ ಪದಗಳೆಲ್ಲ ನನಗೆ ಬಾಯಿಪಾಠ. ಎಷ್ಟು ವರ್ಷ ಎದುರಿಗೆ ನಿಂತು ಕೇಳಿಲ್ಲ? ಎದುರಾಳಿಯ ಪದ ಬಾಯಲ್ಲಿ ತರಬಾರದು ಎಂದು ನಮ್ಮಲ್ಲಿ ಪದ್ಧತಿ ಇದೆ, ಗೊತ್ತು. ನೀನು ಹಟ ಹಿಡಿದರೆ ಅದನ್ನೂ ಮುರಿಯುತ್ತೇನೆ.

ಮಲಕಪ್ಪ


ಇಂಡಿ
೨೭ ಜನವರಿ ೧೯೯೯

ಮಲಕಪ್ಪ,

ಕಲಿಸು. ಯಾರು ಬೇಡ ಎಂದರು? ನಿನ್ನ ಬಾಯಲ್ಲಿ ನನ್ನ ಪದ, ನೋಡಿ ಸಾಯುತ್ತೇನೆ.

ಆದರೆ ಒಂದು ಹೇಳು. ನೀನು ಕೇಳಿದ ಸವಾಲುಗಳಿಗೆ ನಾನು ಕೊಟ್ಟ ಜವಾಬು ನಿನಗೆ ಗೊತ್ತು. ನೀನು ಕೇಳದೇ ಹೋದ ಸವಾಲುಗಳಿಗೆ ನಾನು ಕಟ್ಟಿಟ್ಟುಕೊಂಡ ಜವಾಬುಗಳಿವೆ. ಈ ಇಪ್ಪತ್ತು ವರ್ಷದಲ್ಲಿ ಜೋಳ ಹಸನು ಮಾಡುತ್ತ, ರೊಟ್ಟಿ ಬಡಿಯುತ್ತ ಕಟ್ಟಿದ್ದು. ಅವನ್ನು ಎಲ್ಲಿಂದ ತರುತ್ತೀ? ನೀನು ಪುಣೆಯಲ್ಲಿ ಗೋಡೆ ಕಟ್ಟಿದೆ, ನಾನು ಇಲ್ಲಿ ಸುಮ್ಮನೆ ಕೂತಿರಲಿಲ್ಲ.

ಇಂದೂ ಹೇಳಿದ್ದಲ್ಲ ಎಂದು ನೀನು ಬರೆದ ಕೂಡಲೇ ಇಂದೂ ಹೇಳಿದ್ದೆಂದು ತಿಳಿಯಿತು. ನೀನು ಏನು ಬರೆದಿದ್ದೆ ಎಂಬುದನ್ನೂ ಆಕೆಯ ಕೈಯಲ್ಲಿ ಓದಿಸಿದೆ. ರಂಗೂ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ನಿಜಕ್ಕೂ ಆಕೆ ಹಾಡಿಕೆಯಲ್ಲಿ ತೂಕಡಿಸುತ್ತಿದ್ದಳು. ಕೈ ಮಾತ್ರ ಎಚ್ಚರವಾಗಿರುತ್ತಿತ್ತು. ಆ ವಿಷಯ ಮುಗಿಯಿತು.

ಇನ್ನೊಂದು. "ಧ್ವನಿ ಪರವಾಗಿಲ್ಲ" ಎಂದು ಬರೆದಿದ್ದೆ. ಇಂಥ ಸುಳ್ಳು ಬರೆಯಲು ನಾಲ್ಕನೆಯ ಇಯತ್ತೆ ಸಾಕಾಯಿತೇ? ಆ ಹುಡುಗಿ ನಮ್ಮ ಪಡಸಾಲೆಯಲ್ಲಿ ಬಾಯಿ ತೆರೆದಾಗ ಹಿತ್ತಲಿನ ಎಮ್ಮೆ ಮೇವು ಬಿಟ್ಟು ಕಿವಿ ನಿಮಿರಿಸಿತು. ಅಂಥ ಗಂಟಲಿಗೆ ಗಂಡಸರ ಪೊಗರು ಕಲಿಸಿ ಕೂಡಿಸಿದ್ದೀ.

ನನಗೆ ಆಕೆ ಬೇಕು. ಆದರೆ ನಿನ್ನವಳಾಗಿ ಬೇಡ. ಒಂದೇ ದಾರಿ ಇದೆ, ನಿನಗೆ ಗೊತ್ತಿದ್ದೂ ನೀನು ಬಾಯಿ ಬಿಟ್ಟಿಲ್ಲ. ದಪ್ಪು ಇಳಿಸು. ನಮ್ಮ ಕಡೆಯ ಜನರ ಎದುರು ಆಕೆಯ ಕೈಯಿಂದ ದಪ್ಪು ತೆಗೆದುಕೊಂಡು, ನೆಲದ ಮೇಲೆ ಬೋರಲು ಹಾಕಿ, "ಇವಳು ನನ್ನ ಮೇಳದವಳಲ್ಲ" ಎಂದು ಹೇಳು. ಆಮೇಲೆ ನೀನು ಆಕೆಯನ್ನು ತಿದ್ದುವಂತಿಲ್ಲ. ತಾಳ ತಪ್ಪಿದರೂ, ಪದ ನುಂಗಿದರೂ "ಹ್ಞಾಂ" ಎನ್ನುವಂತಿಲ್ಲ. ಆಕೆಯ ತಪ್ಪು ಇನ್ನು ನನ್ನ ತಪ್ಪು. ಇಷ್ಟು ಮಾಡಿ ಕಳಿಸು. ನಿನ್ನ ಸೋಲಾಪುರದ ಹುಡುಗನನ್ನು ಆಕೆ ಅರ್ಧ ತಾಸಿನಲ್ಲಿ ಸೋಲಿಸಿ ಕೂಡಿಸುವ ಹಾಗೆ ಮಾಡುತ್ತೇನೆ.

ಕಾಶವ್ವ

ಮುತ್ಯಾ, ನಿಮ್ಮಿಂದ ನಾನು ಚೆನ್ನಾಗಿ ಬೈಸಿಕೊಂಡೆ. ಬಾಯಿ ಬಿಡಬೇಡಿ ಎಂದಿದ್ದೆ, ನೀವು ಡಂಗುರ ಹೊಡೆದಿರಿ. ಅಂಚೆಯವನು ಓಣಿಗೆ ಬಂದರೆ ಅತ್ತೆ ಈಗ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇಂದೂ.


ಇಂಡಿ
೨೨ ಫೆಬ್ರುವರಿ ೧೯೯೯

ಮಲಕಪ್ಪ,

ನಿನ್ನ ಕಾಗದ ಇಲ್ಲ. ಶಿವರಾತ್ರಿಯೂ ಆಗಿಹೋಯಿತು. ಮೊದಲು ಸಿಟ್ಟು ಬಂತು, ನಾಲ್ಕು ಮಾತು ಹೇಳಿ ಬರೆಸಿದೆ, ಆಮೇಲೆ ಹರಿದು ಒಲೆಗೆ ಹಾಕಿಸಿದೆ.

ಕೊಡಲಾರೆ ಎಂದಾದರೆ ಹಾಗೆಂದು ಬರೆ. ಬೈಯುವುದಿಲ್ಲ. ಅಂಥದ್ದು ಕೈಯಲ್ಲಿದ್ದಾಗ ಬಿಡುವುದು ಸುಲಭವಲ್ಲ ಎಂದು ತಿಳಿಯದಷ್ಟು ಮೂರ್ಖಳಲ್ಲ ನಾನು. ನನಗೆ ಬಿಟ್ಟುಕೊಡಲು ಒಬ್ಬರೂ ಇರಲಿಲ್ಲ. ಓಣಿಯ ಹುಡುಗಿಯರನ್ನು ಕರೆದೆ, ಟೀವಿ ಬಿಟ್ಟು ಏಳಲಿಲ್ಲ. ಇಂದೂಗೆ ಶ್ರುತಿ ಇಲ್ಲ. (ಇದನ್ನು ಬರೆಯುವಾಗ ಮುಖ ಗಂಟು ಹಾಕಿದ್ದಾಳೆ.) ನಿನಗೆ ಇಬ್ಬರು ಸಿಕ್ಕಿದ್ದಾರೆ.

ಹುಡುಗಿಗೆ ಮಾತ್ರ ಸುಳ್ಳು ಹೇಳಬೇಡ. ನಾನು ಒಲ್ಲೆ ಎಂದೆ ಎಂದು ಹೇಳಿ ಕೂಡಿಸಿಕೊಳ್ಳಬೇಡ. ಹಾಗೆ ಹೇಳಿದ್ದೀಯಾ?

ಕಾಶವ್ವ


ಖಡಕಿ, ಪುಣೆ
೮ ಮಾರ್ಚ್ ೧೯೯೯

ಕಾಶವ್ವ,

ಜ್ವರ ಬಂದಿತ್ತು, ಅದಕ್ಕೆ ಬರೆಯಲಿಲ್ಲ.

ಹುಡುಗಿಗೆ ಸುಳ್ಳು ಹೇಳಲಿಲ್ಲ. ಏನೂ ಹೇಳಲಿಲ್ಲ. ನಿನ್ನ ಕಾಗದ ಅಂಗಿಯ ಕಿಸೆಯಲ್ಲಿತ್ತು. "ಇಂಡಿಯಿಂದ ಏನರೆ ಬಂತೇನ್ರಿ ಮುತ್ಯಾ?" ಎಂದು ಆಕೆ ಕೇಳಿದಾಗೆಲ್ಲ "ಮೊದಲ ಈ ಪದಾ ಮುಗಸು" ಎಂದೆ. ನನ್ನ ಗುರು ಸಾಯುವ ಮುಂಚೆ ಕೊಟ್ಟ ಉದ್ದನೆಯ ಪದ ಒಂದಿದೆ, ಯಾರಿಗೂ ಕೊಟ್ಟಿರಲಿಲ್ಲ, ರೋಹಿತನಿಗೂ ಇಲ್ಲ. ಅದನ್ನು ದಿನಾ ಸಂಜೆ ಒಂದೊಂದು ನುಡಿಯಂತೆ ಹೇಳಿಕೊಟ್ಟೆ. ನುಡಿ ಮುಗಿದ ಕಡೆ ಮತ್ತೆ ಮೊದಲಿಂದ ಹಿಡಿಸಿದೆ. ಆ ಹುಡುಗ ಜಾಣ. ಒಂದು ದಿನ, "ಆಜೋಬಾ, ಈ ಪದಾ ಮುಗೀಬಾರ್ದು ಅಂತ ನಿಮ್ಮ ಮನಸಿನ್ಯಾಗ ಅದ ಏನು?" ಎಂದ. ಅವನಿಗೆ ಚಹಾ ತರಲು ಕಳಿಸಿದೆ. ಮರುದಿನ ಹುಡುಗಿಗೆ ನಿನ್ನ ಕಾಗದ ಕೊಟ್ಟೆ. ಓದಿದಳು. ಮಡಚಿ ವಾಪಸು ಕೊಟ್ಟಳು. "ನೀವು ಹೆಂಗಂತೀರಿ ಹಂಗ" ಎಂದಳು. ನನ್ನ ಮೇಲೆ ಹಾಕಿದಳು, ಕಳ್ಳಿ.

ನಿನ್ನೆ ರವಿವಾರ ಬೆಳಿಗ್ಗೆ ದಪ್ಪು ಇಳಿಸಿದೆ. ನಮ್ಮ ಕಡೆಯ ಗೌಂಡಿಗಳನ್ನು, ಅವರ ಹೆಂಗಸರನ್ನು ಕರೆದಿದ್ದೆ. ಕಾಂತಪ್ಪನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಇವತ್ತಿಗೆ ಈ ಡಮಡಮಿ ಮುಗಿಯುತ್ತದೆ ಎಂದು ಯಾರೋ ಅವನಿಗೆ ಹೇಳಿರಬೇಕು. ನಾನು ದಪ್ಪಿಗೆ ಕೈ ಹಾಕಿದರೆ ಹುಡುಗಿ ಬಿಡಲಿಲ್ಲ.

"ಮುತ್ಯಾ, ಇನ್ನೊಮ್ಮೆ ಕೂಡಿ ಹಾಡೂಣ್ರಿ."

"ಬಿಡವಾ."

"ಒಂದ ನುಡಿ."

"ಬಿಡು ಅಂದೆ!"

ಬಿಟ್ಟಳು. ಬೋರಲು ಹಾಕಿದೆ. ಹೇಳಬೇಕಾದ ಮಾತನ್ನು ಹೇಳಿದೆ. ಮೆತ್ತಗೆ ಹೇಳಲು ಬರಲಿಲ್ಲ. ಅದಕ್ಕೆ ಜಗಳದವನ ಹಾಗೆ ಒದರಿದೆ. ಗೋಡೆಗೆ ಗಿಲಾವು ಇಲ್ಲವಲ್ಲ, ಮಾತು ಎರಡು ಸಲ ಕೇಳಿಸಿತು.

ಕಾಂತಪ್ಪ ಎದ್ದು ನಿಂತ. "ಅಂದ್ರ? ನನ್ನ ಮಗಳನ್ನ ಹೊರಗ ಹಾಕಿದ್ರೇನು?"

"ಹಾಕಿದೆ."

"ಏನ್ ತಪ್ಪ ಮಾಡ್ಯಾಳ್ರಿ ಆಕಿ? ಮಳಿ ಅನ್ನಲಿಲ್ಲ, ಬಿಸಲ ಅನ್ನಲಿಲ್ಲ, ಸೈಕಲ್ ತುಳಕೊಂಡು ನಿಮ್ಮಂತ್ಯಾಕ ಬಂದಾಳ. ನಾಲಗಿ ಹೆಂಗ ತಿರುಗ್ತದರಿ ನಿಮಗ? ಇಷ್ಟು ಛಲೋ ಹಾಡೂ ಹುಡುಗಿನ್ನ!" ರೇಣು ಬಾಯಿ ತೆರೆದು ಅಪ್ಪನನ್ನೇ ನೋಡಿದಳು. ಅವನ ಬಾಯಿಂದ ಆ ಮಾತು ಆಕೆ ಎಂದೂ ಕೇಳಿರಲಿಲ್ಲ ಅನಿಸುತ್ತದೆ. ರೋಹಿತ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ, ಇದು ಶಿಕ್ಷೆಯಲ್ಲ, ಎದುರು ಪಕ್ಷಕ್ಕೆ ಒಪ್ಪಿಸುವುದು ಎಂದು ಮರಾಠಿಯಲ್ಲಿ, ಕನ್ನಡದಲ್ಲಿ ಬಿಡಿಸಿ ಹೇಳಿದ. ತಿಳಿದ ಮೇಲೂ ಅವನು ನನಗೆ ನಮಸ್ಕಾರ ಹೇಳಲಿಲ್ಲ. ಆದರೆ ಇಂಡಿಗೆ ಬಿಟ್ಟು ಬರಲು ರಜೆ ಹಾಕಿದ್ದಾನೆ. ಲಾತೂರಿನವರು ಪರೀಕ್ಷೆ ಮುಗಿಯುವ ತನಕ ಕಾಯಲಿ ಎಂದನಂತೆ.

ಜನ ಹೋದ ಮೇಲೆ ಹುಡುಗಿ ಕಿಟಕಿಯ ಹತ್ತಿರ ನಿಂತು ಆ ಉದ್ದನೆಯ ಪದವನ್ನೇ ಸಣ್ಣಗೆ ಹಿಡಿದಳು. ಮೂರನೆಯ ಸಾಲಿನಲ್ಲಿ ತಾಳ ಎಳೆದಳು. ಆಕೆ ಅಲ್ಲಿ ಎಂದೂ ಎಳೆಯುವವಳಲ್ಲ. ಬೇಕೆಂದೇ ಎಳೆದಳೋ, ಅಳುವಿಗೆ ಉಸಿರು ಸಾಲಲಿಲ್ಲವೋ ತಿಳಿಯದು. ಹಾಡುತ್ತ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯಲಿಲ್ಲ, ಕಾಶವ್ವ. ಕೆಳಗಿಳಿದು ಹೊಸ ಗೋಡೆಗೆ ನೀರು ಹೊಡೆದೆ. ಮೊನ್ನೆ ಕಟ್ಟಿದ್ದಕ್ಕೂ ಹೊಡೆದೆ, ಹೋದ ತಿಂಗಳು ಕಟ್ಟಿದ್ದಕ್ಕೂ ಹೊಡೆದೆ. ಆಕೆ ಸೈಕಲ್ ಹತ್ತಿ ಹೋಗುವ ತನಕ ಹೊಡೆಯುತ್ತಲೇ ಇದ್ದೆ. ಇನ್ನು ಆಕೆಯ ತಪ್ಪು ನಿನ್ನದು. ಚೆನ್ನಾಗಿ ನೋಡಿಕೋ. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಉಸಿರು ತೆಗೆದುಕೊಳ್ಳಲು ಮರೆಯುತ್ತಾಳೆ. ಇದು ತಿದ್ದುವುದಲ್ಲ, ನಿನಗೆ ಹೇಳುತ್ತಿರುವುದು.

ಮೇಡಮ್‌ಗೆ ಸುದ್ದಿ ಮುಟ್ಟಿಸಿದ್ದೇವೆ, ರೇಣುವಿನ ಹೆಸರು ಉಳಿದಿದೆ. ಪರೀಕ್ಷೆ ಏಪ್ರಿಲ್ ಹದಿನೇಳಕ್ಕೆ. ಆಕೆ ಈ ಬುಧವಾರ ಹೊರಡುತ್ತಾಳೆ, ಕಾಗದ ಅದಕ್ಕಿಂತ ಮುಂಚೆ ಮುಟ್ಟಿದರೂ ಮುಟ್ಟೀತು.

ಇನ್ನು ಕೆಲಸದ ಮಾತು. ರೋಹಿತನ ಹಿಂದೆ ನಾನು ತಾಳ ಹಿಡಿದು ನಿಲ್ಲುತ್ತೇನೆ. ಗುರುವಾದವನು ಶಿಷ್ಯನ ಹಿಂದೆ ನಿಲ್ಲುವ ಪದ್ಧತಿ ಎಲ್ಲಿಯೂ ಇಲ್ಲ, ನೀನು ಹೇಳಬೇಕಾಗಿಲ್ಲ. ಒದರಲು ಬಂದೀತು, ಮುಂದೆ ನಿಂತು ಹಾಡಲು ನನ್ನಲ್ಲಿ ಧ್ವನಿ ಇಲ್ಲ. ಸಿಮೆಂಟಿನ ಧೂಳು ಎಲ್ಲವನ್ನೂ ತಿಂದಿದೆ. ಆವತ್ತು ಗಣಪತಿಯಲ್ಲಿ ಹಾಡಿದ್ದೇ ಕೊನೆ, ಆಮೇಲೆ ಇವರಿಗೆ ಕಲಿಸಿದ್ದೆಲ್ಲ ಪಿಸುಗುಟ್ಟಿ, ಬೆರಳು ಬಡಿದು. ಇದನ್ನು ಮನೆಯಲ್ಲೂ ಹೇಳಿಲ್ಲ. ಇಂದೂ, ಓದಿ ಹೇಳುತ್ತಿರುವವಳು ನೀನೇ ತಾನೇ, ಇದನ್ನು ಬಿಡದೆ ಓದು.

ರೇಣುವಿನ ಹಿಂದೆ ಯಾರು? ವಿದ್ಯಾಪೀಠದ ಹುಡುಗಿಯರು ತುಂತುಣಿಯನ್ನು ಆಟಿಕೆಯ ಹಾಗೆ ಹಿಡಿಯುತ್ತಾರೆ. ಹಿಂದೆ ಉಸಿರು ಕೊಡುವವರಿಲ್ಲದೆ ಆ ಮಗು ವೇದಿಕೆಯ ಮೇಲೆ ಒಂಟಿಯಾಗಿ ನಿಲ್ಲಬಾರದು. ರಂಗೂಬಾಯಿ ನಿಲ್ಲುತ್ತಿದ್ದ ಜಾಗದಲ್ಲಿ ನೀನು ನಿಲ್ಲಬೇಕು. ಮುಂದೆ ನಿಂತು ಅಭ್ಯಾಸವಾದವಳಿಗೆ ಇದು ಕಷ್ಟ ಎಂದು ಗೊತ್ತು, ನನಗೂ ಕಷ್ಟವೇ. ನಾವಿಬ್ಬರೂ ಹಿಂದೆ ನಿಂತರೆ ಅವರಿಬ್ಬರೂ ಮುಂದೆ ನಿಂತಾರು. ಇಲ್ಲದಿದ್ದರೆ ಇಲ್ಲ.

ಪುಣೆಗೆ ಬರುತ್ತೀಯೋ ಇಲ್ಲವೋ? ಉದ್ದ ಮಾತು ಬೇಡ, ಬೈಗುಳ ಬೇಡ. ಹೌದು ಅಥವಾ ಇಲ್ಲ ಎಂದು ಬರೆಸು. ಮಾರ್ಚ್ ಇಪ್ಪತ್ತೈದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಮಲಕಪ್ಪ